ವಿಡಿಯೊ ಒಳಗೊಂದು ಗಡಿಯಾರ ಇರಲಿ

ಊರಿನ ಗ್ರಾಮಸಭೆಯನ್ನು ಎರಡು ಫೋನ್‌ಗಳಲ್ಲಿ ಚಿತ್ರೀಕರಿಸಿದ್ದೆವು. ಒಂದು ವೇದಿಕೆ ಕಡೆ, ಇನ್ನೊಂದು ಜನರ ಕಡೆ. ಪ್ರಶ್ನೆ ಒಂದರಲ್ಲಿ, ಉತ್ತರ ಇನ್ನೊಂದರಲ್ಲಿ. ಎರಡನ್ನೂ ಜೋಡಿಸುವಷ್ಟರಲ್ಲಿ ಅರ್ಧ ರಾತ್ರಿ ಕಳೆಯಿತು. ಬೆಳಿಗ್ಗೆ ನೋಡಿದರೆ, ‘ಬೇಕಾದ ಹಾಗೆ ಕತ್ತರಿಸಿ ಅಂಟಿಸಿದ್ದಾರೆ’ ಅನ್ನೋ ಮಾತು.

ಟಿವಿ ಕ್ಯಾಮೆರಾಗಳು ಪ್ರತಿ ಫ್ರೇಮಿಗೂ ಟೈಮ್‌ಕೋಡ್ ಕೊಡುತ್ತವೆ. 11:42:07:18 ಅಂದರೆ ಗಂಟೆ, ನಿಮಿಷ, ಸೆಕೆಂಡ್, ಕೊನೆಗೆ ಫ್ರೇಮ್ ಸಂಖ್ಯೆ. ಯಾರಾದರೂ ಪ್ರಶ್ನಿಸಿದರೆ ‘ಇಲ್ಲಿ ನೋಡಿ’ ಅಂತ ಮೂಲ ವಿಡಿಯೊದಲ್ಲೇ ತೋರಿಸಬಹುದು.

ಎಂಪಿ4, ಎಂಒವಿ ಅನ್ನೋವು ನಮ್ಮ ಒಗ್ಗರಣೆ ಡಬ್ಬಿ ಇದ್ದ ಹಾಗೆ. ಚಿತ್ರಕ್ಕೊಂದು ಖಾನೆ, ಧ್ವನಿಗೊಂದು. ಟೈಮ್‌ಕೋಡ್‌ಗೂ ಒಂದು ಖಾನೆ ಮಾಡಬಹುದು. ಅದರಲ್ಲಿ ಮೊದಲ ಫ್ರೇಮಿನ ಸಮಯ ಬರೆದರೆ ಸಾಕು, ಉಳಿದದ್ದು ಲೆಕ್ಕ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ಈ ಖಾನೆಯನ್ನು ಓದುತ್ತದೆ, ಬರೆಯುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೆ ನಮ್ಮ ಫೋನಿನ ಕ್ಯಾಮೆರಾ ಆಪ್ ಅದನ್ನು ಬರೆಯುವುದೇ ಇಲ್ಲ. ಮುಖ ಬೆಳ್ಳಗೆ ಮಾಡುವ ಫಿಲ್ಟರ್ ಮಾತ್ರ ಹತ್ತಾರು!

ಫೋನ್ ವಿಡಿಯೊದಲ್ಲಿ ಫ್ರೇಮುಗಳ ವೇಗ ಏರಿಳಿಯುತ್ತದೆ, ಲೆಕ್ಕ ಇಡುವುದು ಕಷ್ಟ, ಒಪ್ಪೋಣ. ಟೈಮ್‌ಕೋಡನ್ನು ಬದಲಿಸಲೂಬಹುದು, ಅದೊಂದೇ ಸಾಕ್ಷಿಯಾಗದು. ವಾಟ್ಸಾಪ್‌ನಲ್ಲಿ ವಿಡಿಯೊ ಕುಗ್ಗಿದಾಗ ಅದು ಉಳಿಯುತ್ತದೆ ಅಂತಲೂ ನಂಬಬೇಡಿ, ಮೂಲ ಫೈಲ್ ಅಳಿಸಬೇಡಿ. ಆದರೂ ಮುಕ್ತ ತಂತ್ರಾಂಶದ ಕ್ಯಾಮೆರಾ ಆಪ್ ಮಾಡುವವರು ಮೊದಲು ಸೇರಿಸಬೇಕಾದ್ದು ಇದನ್ನೇ.

ಅಲ್ಲೀವರೆಗೆ ನಾವು ಸಭೆ ಶುರುವಾಗುವ ಮುಂಚೆ ಎರಡೂ ಫೋನ್‌ಗೆ ಕಾಣೋ ಹಾಗೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯುತ್ತಿದ್ದೇವೆ. ಜನ ನಗುತ್ತಾರೆ.