ಕಾಗದದಿಂದ ಕಂಪ್ಯೂಟರಿಗೆ, ಭಾಗ 3: ಕೆಂಪು ಪೆನ್ನಿನ ಸಾಲು

ಅಪ್ಪನ ಕ್ಲಿನಿಕ್ ಪೇಪರ್‌ಲೆಸ್ ಆಯ್ತು ಅಂತ ಸ್ಟೋರಿ ಹಾಕಿದಾಗ ಎಲ್ರೂ ಹಾರ್ಟ್ ಒತ್ತಿದ್ರಿ. ಈಗ ನನ್ನ ಜಗಳನೂ ಕೇಳಿ. ಹಳೆ ಕಾರ್ಡಿನ ಮೂಲೇಲಿ ಅಪ್ಪ ಕೆಂಪು ಪೆನ್ನಲ್ಲಿ ‘ಪೆನಿಸಿಲಿನ್ ಆಗಲ್ಲ’ ಅಂತ ಬರೀತಿದ್ರು. ಸಾಫ್ಟ್‌ವೇರಿಗೆ ಹೆಸರು, ವಯಸ್ಸು, ಫೋನ್ ನಂಬರ್ ಹೋಯ್ತು. ಆ ಸಾಲು ಸ್ಕ್ಯಾನ್ ಮಾಡಿದ ಫೋಟೋದೊಳಗೇ ಉಳೀತು. ಅಲರ್ಜಿ ಕಾಲಂ ಖಾಲಿ ಇದ್ರೆ, ಅಮಾಕ್ಸಿಸಿಲಿನ್ ಬರೆದ್ರೂ ಅದು ತುಟಿ ಪಿಟಿಕ್ ಅನ್ನಲ್ಲ. ಮೊನ್ನೆ ಅಜ್ಜಿಯೊಬ್ರು ತಾವೇ ನೆನಪಿಸಿದ್ದಕ್ಕೆ ಬಚಾವ್. ‘ಎಲ್ಲಾ ಸ್ಕ್ಯಾನ್ ಆಗಿದೆ, ಕಾರ್ಡ್ ಗುಜರಿಗೆ ಹಾಕಿ’ ಅಂತಾನೆ ಮಾರೋಕೆ ಬಂದವ್ನು. ಯಾವ ಧೈರ್ಯದ ಮೇಲೆ?

14 ಅಂಕಿಯ ಆಭಾ ನಂಬರ್ ಆಮೇಲೆ ಜೋಡಿಸೋಣ. ಮೊದಲು ಅಲರ್ಜಿ, ದಿನಾ ತಗೊಳ್ಳೋ ಮಾತ್ರೆ, ಕಾರ್ಡ್ ಎದುರಿಗಿಟ್ಕೊಂಡು ಒಂದೊಂದೇ ಟೈಪ್ ಆಗ್ಲಿ. ರಜೇಲಿ ನಾನೇ ಕೂರ್ತೀನಿ. ಅಲ್ಲೀವರೆಗೂ ಬೀರುವಿನ ಕೀ ನನ್ ಹತ್ರ.