ನೀರಿನ ಬೆಣೆಬಾಗಿಲು

ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ನೀರೆಂಬುದು ಎಣಿಸಿ ವೆಚ್ಚಮಾಡಬೇಕಾದ ದ್ರವ್ಯವೆಂದು ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಹಿಂದೆ ಕೆರೆ ಬಾವಿಗಳನ್ನೇ ನಂಬಿದ್ದ ಈ ಊರುಗಳಿಗೆ ಈಗ ಕಾವೇರಿ ಕಬಿನಿಗಳ ನೀರು ದೂರದಿಂದ ಕೊಳವೆಗಳಲ್ಲಿ ಹರಿದು ಬರುತ್ತಿದೆ. 2019ರಲ್ಲಿ ಜಲಜೀವನ ಯೋಜನೆಯು ಆರಂಭವಾದ ತರುವಾಯ ಹಳ್ಳಿಯ ಮನೆಗಳ ಮುಂದೆಯೂ ನಲ್ಲಿಗಳು ನಿಂತಿವೆ. ಆದರೆ ನಲ್ಲಿಯನ್ನು ನೋಡುವಷ್ಟು ಜನರು, ಬೀದಿಯ ಮೂಲೆಯ ಗುಂಡಿಯಲ್ಲಿ ಮುಚ್ಚಳದ ಕೆಳಗೆ ಅಡಗಿರುವ ಕಬ್ಬಿಣದ ಕವಾಟವನ್ನು ನೋಡುವುದಿಲ್ಲ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಹೋಗಬೇಕೆಂಬುದು ತೀರ್ಮಾನವಾಗುವುದು ಅಲ್ಲಿಯೇ. ಜನರು ‘ಗೇಟ್ ವಾಲ್ವು’ ಎಂದು ಕರೆಯುವ ಆ ಸಾಧನದ ಗುಣದೋಷಗಳನ್ನು ಈ ತಿಂಗಳು ವಿಚಾರಮಾಡೋಣ.

ಇದರ ತತ್ತ್ವವು ನಮಗೆ ಹೊಸದಲ್ಲ. ಹಳೆಯ ಕೆರೆಗಳ ಏರಿಯ ಬಳಿ, ನೀರಿನ ನಡುವೆ ಎರಡು ಕಲ್ಲುಕಂಬಗಳು ನಿಂತಿರುವುದನ್ನು ವಾಚಕರು ಕಂಡಿರಬಹುದು. ಅದೇ ತೂಬು. ಕೆಳಗಿನ ಕಲ್ಲಿನ ರಂಧ್ರಕ್ಕೆ, ತುದಿಯಲ್ಲಿ ಸಣ್ಣದಾಗುತ್ತ ಬಂದ ಮರದ ಗೂಟವೊಂದನ್ನು ಉದ್ದವಾದ ಗಳುವಿನಿಂದ ಇಳಿಬಿಡುತ್ತಿದ್ದರು. ಗೂಟವು ಇಳಿದಷ್ಟೂ ರಂಧ್ರವು ಬಿಗಿಯಾಗುತ್ತಿತ್ತು. ಅದನ್ನು ಎತ್ತುವ, ಇಳಿಸುವ ಹೊಣೆಯು ನೀರುಗಂಟಿಯದು. ಇಂದು ಪಂಚಾಯತಿಯ ಕೊಳವೆಗಳಿಗೆ ನೀರು ಬಿಡುವವನನ್ನೂ ಜನರು ಅದೇ ಹೆಸರಿನಿಂದ ಕರೆಯುವುದು ಉಚಿತವಾಗಿಯೇ ಇದೆ.

ಇನ್ನು ಕವಾಟದ ರಚನೆಯನ್ನು ನೋಡೋಣ. ಎರಕದ ಒಡಲಿನೊಳಗೆ, ನೀರಿನ ದಾರಿಗೆ ಅಡ್ಡಲಾಗಿ ಒಂದು ಲೋಹದ ಬಾಗಿಲು ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಅದು ಹಲಗೆಯಂತೆ ಒಂದೇ ದಪ್ಪವಾಗಿರದೆ, ಮೇಲೆ ದಪ್ಪವಾಗಿ ಕೆಳಗೆ ತೆಳುವಾಗಿ ಬೆಣೆಯ ಆಕಾರದಲ್ಲಿರುವುದು. ಅದು ಕೂರುವ ಎರಡು ಪೀಠಗಳೂ ಅಷ್ಟೇ ಓರೆಯಾಗಿರುವುವು. ಮೇಲಿನ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ತಿರುಪಿನ ಸರಳು ಬಾಗಿಲನ್ನು ಕೆಳಕ್ಕೆ ದೂಡುವುದು. ಬೆಣೆಯು ಎರಡು ಪೀಠಗಳ ನಡುವೆ ಒತ್ತಿಕೊಂಡು ದಾರಿಯನ್ನು ಮುಚ್ಚುವುದು. ಸೀಳಿದ ಮರದ ದಿಮ್ಮಿಯಿಂದ ಬೆಣೆಯನ್ನು ಕಿತ್ತು ಪ್ರಾಣ ಕಳೆದುಕೊಂಡ ಪಂಚತಂತ್ರದ ಕಪಿಯ ಕಥೆಯನ್ನು ಬಲ್ಲವರಿಗೆ, ಸಣ್ಣ ಬೆಣೆಯೊಂದು ಎಷ್ಟು ದೊಡ್ಡ ಬಲವನ್ನು ತಡೆದು ನಿಲ್ಲಬಲ್ಲುದೆಂದು ವಿವರಿಸಬೇಕಾಗಿಲ್ಲ. ತಿರುಪೂ ಬೆಣೆಯೂ ಇಳಿಜಾರಿನ ಎರಡು ರೂಪಗಳೇ ಆಗಿವೆ. ಎರಡೂ ಸೇರಿದುದರಿಂದ ಕೈಯ ಅಲ್ಪಬಲವು ಹಲವು ಮಡಿಯಾಗುವುದು. ಹತ್ತು ಮೀಟರ್ ಎತ್ತರದಲ್ಲಿ ನಿಂತ ನೀರು, 100 ಮಿಲಿಮೀಟರ್ ವ್ಯಾಸದ ಬಾಗಿಲನ್ನು ಸುಮಾರು 78 ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತುತ್ತದೆ. ಆ ಒತ್ತಡವೂ ಬಾಗಿಲನ್ನು ಆಚೆಯ ಪೀಠಕ್ಕೆ ಅಂಟಿಸಿ, ಮುಚ್ಚುವುದಕ್ಕೆ ನೆರವಾಗುವುದು.

ಆವಿಯ ಸುತ್ತಿಗೆಯಿಂದ ಪ್ರಸಿದ್ಧನಾದ ಸ್ಕಾಟ್ಲೆಂಡಿನ ಜೇಮ್ಸ್ ನ್ಯಾಸ್ಮಿತ್ ಎಂಬ ಯಂತ್ರಶಿಲ್ಪಿಯು 1839ರಲ್ಲಿ ಇಂತಹ ಎರಡು ಮುಖದ ಬೆಣೆಬಾಗಿಲನ್ನು ರಚಿಸಿದನು. ಲಂಡನ್ನಿನ ಬೀದಿಗಳ ದೊಡ್ಡ ಕೊಳವೆಗಳಲ್ಲಿದ್ದ ಕವಾಟಗಳು ಸೋರುತ್ತವೆ, ತೆರೆಯಲು ಮುಚ್ಚಲು ಕಷ್ಟವಾಗುತ್ತವೆ ಎಂಬ ದೂರೇ ಅದಕ್ಕೆ ಕಾರಣವಾಯಿತು.

ಮೊದಲು ಗುಣಗಳು. ಪೂರ್ತಿಯಾಗಿ ತೆರೆದಾಗ ಬಾಗಿಲು ನೀರಿನ ದಾರಿಯಿಂದ ಸಂಪೂರ್ಣವಾಗಿ ಮೇಲಕ್ಕೆ ಹೋಗುವುದರಿಂದ ಹರಿವಿಗೆ ಅಡ್ಡಿಯು ಅತ್ಯಲ್ಪ. ಲೆಕ್ಕದಲ್ಲಿ ಹೇಳುವುದಾದರೆ, ಒಂದು ಅಂಗುಲದ ಕೊಳವೆಯಲ್ಲಿ ಈ ಕವಾಟವು ಒಡ್ಡುವ ತಡೆಯು ಎಂಟಂಗುಲ ಕೊಳವೆಯ ತಡೆಗೆ ಸಮ. ನೀರನ್ನು ಒಳಗೆ ಬಳಸಿ ಹಾಯಿಸುವ ಗ್ಲೋಬ್ ವಾಲ್ವಿನ ತಡೆಯಾದರೋ ಸುಮಾರು ಇಪ್ಪತ್ತೆಂಟು ಅಡಿ ಕೊಳವೆಯ ತಡೆಗೆ ಸಮ. ಒತ್ತಡವೇ ಕಡಮೆಯಿರುವ ನಮ್ಮ ಊರುಗಳಲ್ಲಿ ಇದು ದೊಡ್ಡ ಲಾಭ. ನೀರು ಯಾವ ಕಡೆಯಿಂದ ಬಂದರೂ ಇದು ತಡೆಯಬಲ್ಲುದು. ಹಲವು ಸುತ್ತು ತಿರುಗಿಸಬೇಕಾದುದರಿಂದ ನೀರು ಥಟ್ಟನೆ ನಿಲ್ಲದೆ, ಕೊಳವೆಗೆ ಪೆಟ್ಟುಬೀಳುವುದೂ ತಪ್ಪುತ್ತದೆ.

ಇನ್ನು ದೋಷಗಳು. ಅವಸರದಲ್ಲಿ ಮುಚ್ಚಲು ಇದು ಬಾರದು. ಲೋಹದ ಪೀಠದ ಬುಡದಲ್ಲಿ ಮರಳು, ತುಕ್ಕು ನಿಂತರೆ ಬಾಗಿಲು ತಳಮುಟ್ಟುವುದಿಲ್ಲ. ಇದನ್ನು ನೀಗಲೆಂದು ಈಗ ಬೆಣೆಗೆ ರಬ್ಬರಿನ ಹೊದಿಕೆಯನ್ನು ಹಾಕಿ, ತಳವನ್ನು ಕುಳಿಯಿಲ್ಲದಂತೆ ಮಟ್ಟಸವಾಗಿ ಮಾಡಿದ ಕವಾಟಗಳು ಬಂದಿವೆ. ಆದರೆ ಎಲ್ಲಕ್ಕಿಂತ ಮುಖ್ಯವಾದ ದೋಷವೆಂದರೆ, ಇದು ಅರೆತೆರೆದು ಇಡತಕ್ಕ ಸಾಧನವಲ್ಲ. ಪೂರ್ತಿ ತೆರೆದಿರಬೇಕು, ಇಲ್ಲವೆ ಪೂರ್ತಿ ಮುಚ್ಚಿರಬೇಕು. ಅರ್ಧಕ್ಕೆ ನಿಲ್ಲಿಸಿದರೆ ಬಾಗಿಲಿನ ಕೆಳಗೆ ನೀರು ರಭಸದಿಂದ ನುಗ್ಗುವುದು. ಬಿಗಿಯಿಲ್ಲದೆ ತೂಗಾಡುವ ಬಾಗಿಲು ಗಡಗಡನೆ ನಡುಗುವುದು. ಅದರ ಅಂಚೂ ಪೀಠವೂ ಕ್ರಮೇಣ ಸವೆಯುವುವು. ಸವೆದ ಬಳಿಕ ಎಷ್ಟು ಬಿಗಿದರೂ ನೀರು ನಿಲ್ಲದು. ಬಿಗಿಯುವ ಹಟದಲ್ಲಿ ಸರಳಿನ ತಿರುಪು ಹರಿದರಂತೂ, ಚಕ್ರವು ತಿರುಗುತ್ತಲೇ ಇರುತ್ತದೆ, ಬಾಗಿಲು ಕದಲುವುದಿಲ್ಲ.

ಇದರ ಫಲವನ್ನು ಉಣ್ಣುವವರು ಯಾರು? ‘ನಮ್ಮ ಬೀದಿಗೂ ಸ್ವಲ್ಪ ಬಿಟ್ಟಿರಪ್ಪ’ ಎಂಬ ದಾಕ್ಷಿಣ್ಯಕ್ಕೆ ಒಳಗಾಗಿ ನೀರುಗಂಟಿಯು ಕವಾಟವನ್ನು ಅರೆತೆರೆದು ಬಿಟ್ಟರೆ, ಆ ದಿನ ಕೇಳಿದವರಿಗೆ ನಾಲ್ಕು ಕೊಡ ಹೆಚ್ಚು ಸಿಕ್ಕೀತು. ಕೆಲಕಾಲದಲ್ಲಿ ಕವಾಟವು ಕೆಟ್ಟು, ಸರದಿಯಿಲ್ಲದ ಬೀದಿಗೂ ನೀರು ಜಾರುತ್ತ, ಕೊನೆಯ ಮನೆಗಳಿಗೆ ಒತ್ತಡವೇ ಮುಟ್ಟದಾಗುವುದು. ಅಲ್ಲಿನ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಕಾಯುವರು. ಇದಕ್ಕಿಂತಲೂ ಭಯಂಕರವಾದುದು ಇನ್ನೊಂದಿದೆ. ಸರಳಿನ ಸುತ್ತ ಸುತ್ತಿದ ಹುರಿಯು ಸಡಿಲವಾಗಿ, ಗುಂಡಿಯಲ್ಲಿ ಚರಂಡಿಯ ನೀರು ನಿಂತಿದ್ದರೆ, ಸರಬರಾಜು ನಿಂತು ಕೊಳವೆಯು ಬರಿದಾಗುವಾಗ ಆ ಕೊಳಕು ಒಳಕ್ಕೆ ಸೆಳೆಯಲ್ಪಡುವುದು. ಮರುದಿನ ಅದು ಮಕ್ಕಳ ಲೋಟಕ್ಕೆ ಬರುವುದು. ವಾಂತಿಭೇದಿಗೆ ಇಂತಹ ಗುಂಡಿಯೂ ಮೂಲವಾಗಬಹುದೆಂಬುದನ್ನು ಗೃಹಸ್ಥರು ಮರೆಯಬಾರದು.

ಆದುದರಿಂದ ಕೆಲವು ಸೂಚನೆಗಳು. ಮನೆಯ ತೊಟ್ಟಿಯ ಕೆಳಗಿನ ಹಿತ್ತಾಳೆಯ ಗೇಟ್ ವಾಲ್ವನ್ನು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ತಿರುಗಿಸದೆ ಬಿಟ್ಟುದು ಬೇಕಾದಾಗ ಕದಲದು. ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿರಿ. ಸರಳು ಬಿಗಿದು ಸಿಕ್ಕಿಕೊಳ್ಳುವುದಿಲ್ಲ. ಸನ್ನೆಗೋಲು ಹಾಕಿ ಬಿಗಿಯಬೇಡಿರಿ. ಹೊಸದನ್ನು ಕೊಳ್ಳುವಾಗ ಐ.ಎಸ್. 778 ಎಂಬ ಭಾರತೀಯ ಮಾನಕದ ಗುರುತನ್ನು ನೋಡಿರಿ. ನೀರಿನ ಪ್ರಮಾಣವನ್ನು ಹೆಚ್ಚುಕಡಮೆ ಮಾಡಬೇಕಾದ ಕಡೆ ಗ್ಲೋಬ್ ವಾಲ್ವನ್ನೇ ಹಾಕಿಸಿರಿ. ಬೀದಿಯ ಗುಂಡಿಯಲ್ಲಿ ನೀರು ನಿಂತಿದ್ದರೆ, ನಮ್ಮ ನಲ್ಲಿಯು ಬರುತ್ತಿದೆಯಲ್ಲಾ ಎಂದು ಸುಮ್ಮನಿರದೆ ಪಂಚಾಯತಿಗೋ ಪುರಸಭೆಗೋ ತಿಳಿಸಿರಿ. ನೀರುಗಂಟಿಯನ್ನು ಮಾತ್ರ ‘ಸ್ವಲ್ಪ ತೆರೆದಿಡು’ ಎಂದು ಕೇಳಬೇಡಿರಿ. ಸರದಿಯು ಬಂದಾಗ ಪೂರ್ತಿ ತೆರೆಯಲಿ, ಮುಗಿದಾಗ ಪೂರ್ತಿ ಮುಚ್ಚಲಿ. ಕವಾಟಕ್ಕೆ ಹಿತವಾದುದೂ ಕೊನೆಯ ಮನೆಗೆ ನ್ಯಾಯವಾದುದೂ ಇಲ್ಲಿ ಒಂದೇ ಆಗಿದೆ.