ಐನ್‌ಮನೆಯ ಕೋವಿಗೆ ಹೊಳಪು ಬೇಡ

ಕೈಲ್‌ಪೊಳ್ದ್ ಹತ್ತಿರ ಬಂದಾಗಲೆಲ್ಲ ನೆಂಟರಿಂದಲೂ ಹಳೆಯ ವಿದ್ಯಾರ್ಥಿಗಳಿಂದಲೂ ಒಂದೇ ಪ್ರಶ್ನೆ ಬರುತ್ತದೆ: ಐನ್‌ಮನೆಯ ಕೇಪಿನ ಕೋವಿಯನ್ನು ಮರಳು ಕಾಗದದಿಂದ ಉಜ್ಜಿಸಿ, ಹಿಡಿಗೆ ವಾರ್ನಿಷ್ ಹೊಡೆಸಲೇ? ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ.

ಆ ಕೋವಿಯ ಚರಿತ್ರೆಯೆಲ್ಲ ಅದರ ಮೈಮೇಲೆಯೇ ಇದೆ. ಎಷ್ಟೋ ಮನೆಗಳಲ್ಲಿ ತಮ್ಮ ಕೋವಿ ಟಿಪ್ಪುವಿನ ಕಾಲದ ಯುದ್ಧ ಕಂಡದ್ದೆಂದು ಹೆಮ್ಮೆಯಿಂದ ಹೇಳುತ್ತಾರೆ. ಟಿಪ್ಪು ಮಡಿದದ್ದು 1799ರಲ್ಲಿ. ಕೇಪು ಬಳಕೆಗೆ ಬಂದದ್ದು ಆಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ. ಹಾಗೆಂದು ಹಿರಿಯರ ಮಾತನ್ನು ಕೂಡಲೇ ತಳ್ಳಿಹಾಕಲಾಗದು. ಚಕಮಕಿ ಕಲ್ಲಿನ ಎಷ್ಟೋ ಕೋವಿಗಳನ್ನು ಆಮೇಲೆ ಕೇಪಿಗೆ ಮಾರ್ಪಡಿಸಿದ್ದುಂಟು. ಪಕ್ಕದ ತಗಡಿನಲ್ಲಿ ಮುಚ್ಚಿದ ಹಳೆಯ ತೂತುಗಳು ಕಂಡರೆ ಅದೇ ಸಾಕ್ಷಿ. ನಳಿಗೆಯ ಬುಡದಲ್ಲಿ ಕಿರೀಟದ ಕೆಳಗೆ ಅಡ್ಡಡ್ಡ ಎರಡು ರಾಜದಂಡಗಳಿದ್ದರೆ, 1813ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಗುರುತಾಗಿರಬಹುದು. ಕೂದಲೆಳೆಯಷ್ಟು ಆಳದ ಇಂಥ ಗುರುತುಗಳನ್ನು ಮರಳು ಕಾಗದ ಅರ್ಧ ಗಂಟೆಯಲ್ಲಿ ಅಳಿಸಿಬಿಡುತ್ತದೆ. ಹಿರಿಯರ ಮಾತು ನಿಜವೋ ಅಲ್ಲವೋ ಎಂದು ಮತ್ತೆ ಯಾರೂ ಹೇಳಲಾರರು.

ಮುಟ್ಟುವ ಮುನ್ನ ಒಂದು ಎಚ್ಚರಿಕೆ. ಒಣಗಿದ ಕರಿಮದ್ದು ತಲೆಮಾರು ಕಳೆದರೂ ಸಾಯುವುದಿಲ್ಲ. ನಳಿಗೆಯ ಬಾಯಿಗೆ ಮುಖ ಒಡ್ಡದೆ, ಕೇಪಿಲ್ಲವೆಂದು ನೋಡಿಕೊಂಡು, ಗಜವನ್ನು ಮೆಲ್ಲನೆ ಒಳಗಿಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದಾಗ ಅದರ ತುದಿ ಕೇಪು ಕೂರಿಸುವ ಜಾಗಕ್ಕೆ ಎರಡು ಅಂಗುಲ ಮೊದಲೇ ನಿಂತರೆ ಒಳಗೆ ಈಡು ಇದೆಯೆಂದು ತಿಳಿದು, ಪರವಾನಗಿಯುಳ್ಳ ಕೋವಿ ರಿಪೇರಿಯವರಿಗೆ ಒಪ್ಪಿಸಿ. ಖಾಲಿಯಿದ್ದರೂ ಹಾರಿಸಬೇಡಿ. ತೆಂಗಿನಕಾಯಿಗೆ ಗುರಿಯಿಡಲು ಹೊಸ ಕೋವಿಗಳಿವೆ.

ಆರೈಕೆ ಸುಲಭ. ಹತ್ತಿಬಟ್ಟೆಗೆ ತೆಳುವಾಗಿ ಎಣ್ಣೆ ಸೋಕಿಸಿ ಕಬ್ಬಿಣವನ್ನು ಒರೆಸಿ, ಬೆವರಿನ ಕೈ ತಾಗಿಸಬೇಡಿ. ನಮ್ಮ ಆಷಾಢದ ಮಳೆಯಲ್ಲಿ ಚರ್ಮದ ಚೀಲದೊಳಗಿಟ್ಟರೆ ತೇವ ಹಿಡಿದು ತುಕ್ಕು ಖಚಿತ.

ಬೆಂಗಳೂರಿಗೆ ಒಯ್ದು ಗೋಡೆಗೆ ತೂಗುಹಾಕುವ ಆಸೆಯುಳ್ಳವರು ಕಾನೂನನ್ನೂ ವಿಚಾರಿಸಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿದೆ, ಸರಿಯೇ. ಆದರೂ ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರದಲ್ಲಿ ಕೋವಿ ನಮೂದಾಗಿದೆಯೇ ಎಂದು ನೋಡದೆ ಕದಲಿಸಬೇಡಿ.

ಈ ಸಲ ಪೂಜೆಗಿಟ್ಟು ತೋಕ್ ಪೂವನ್ನು ಸಿಕ್ಕಿಸುವಾಗ ಗುರುತುಗಳ ಚಿತ್ರ ತೆಗೆದು ಕಳುಹಿಸಿ. ನೋಡಿ ಬರೆಯುತ್ತೇನೆ.